ಜ್ವರಕ್ಕೆ ಅಮ್ಮನ ಹೆಸರು

ಪರಮಪೂಜ್ಯರೂ ಪರಮ ಹಟಮಾರಿಗಳೂ ಆದ ನನ್ನ ಅತ್ತೆಯವರಿಗೆ,

ನೀವೀಗ ಇರುವಲ್ಲಿ ನೆಟ್‌ವರ್ಕ್ ಹೇಗಿದೆಯೋ ತಿಳಿಯದು. ದುಬೈಯಿಂದಂತೂ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಅದಕ್ಕೇ ಈ ಪತ್ರ.

ನೆನಪಿದೆಯೇ, ನೀವು ವಿಸಿಟ್ ವೀಸಾದಲ್ಲಿ ಬಂದಿದ್ದಾಗ ಅನಘಳಿಗೆ ಜ್ವರ ಬಂದದ್ದು? ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಫ್ಲ್ಯಾಟಿನ ಕಿಟಕಿಯಿಂದ ಹೊರಗೆ ನೋಡಿ, “ಪಾರ್ಕ್ ಅಂದ್ರಲ್ಲ ಅಳಿಯಂದಿರೇ, ಇದು ಬರೀ ಗೋಡೌನು” ಎಂದು ನೀವು ನನ್ನ ಮಾನ ತೆಗೆದ ವಾರವೇ ಅದು. ಮೊಮ್ಮಗಳ ಪಕ್ಕ ಕುಳಿತು ಕಪ್ಪು ನೂಲಿಗೆ ಗಂಟು ಹಾಕುತ್ತಾ ಏನೋ ಗುನುಗುತ್ತಿದ್ದಿರಿ. ಪತ್ರಿಕೆಗೆ ಅಂಕಣ ಬರೆಯುವವನ ಮೂಗು ಸುಮ್ಮನಿರುತ್ತದೆಯೇ?

“ಅದೆಂಥ ಮಂತ್ರ ಅತ್ತೆ?”

“ಹೇಳಿದ್ರೆ ಅದ್ರ ಶಕ್ತಿ ಹೋಗ್ತದೆ ಮಾರಾಯ್ರೆ. ನಿಮ್ಗೆ ಹೇಳಿದ್ರಂತೂ ಪೇಪರಿಗೇ ಹೋಗ್ತದೆ!”

ಊರಿಗೆ ಮರಳಿದ ಕೆಲವೇ ತಿಂಗಳಲ್ಲಿ ನೀವು ಹೋಗಿಯೇಬಿಟ್ಟಿರಿ. ಮಂತ್ರವನ್ನೂ ಕಟ್ಟಿಕೊಂಡು ಹೋದಿರಿ.

ಹೋದ ತಿಂಗಳು ಅನಘಳಿಗೆ ಮತ್ತೆ ಜ್ವರ. ಒಂದು ದಿನ ಇರುತ್ತದೆ, ಮರುದಿನ ಸಭ್ಯನಂತೆ ಮಾಯವಾಗುತ್ತದೆ, ಮತ್ತೆ ಹಾಜರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ವೈರಲ್ ಎಂದು ಸಿರಪ್ ಕೊಟ್ಟರು. ನಿಮ್ಮ ಮೊಮ್ಮಗಳು ಅದನ್ನು ನನ್ನ ಆಫೀಸಿನ ಅಂಗಿಯ ಮೇಲೆ ಉಗುಳಿ, “ಐ ವಾಂಟ್ ಅಜ್ಜೀಸ್ ನೂಲು” ಎಂದಳು. ಶೈಲಾ ನೂಲೇನೋ ಹುಡುಕಿ ತಂದಳು. ಒಂದು ಗಂಟು ಹಾಕಲು ಹೋದ ಕೈ ಅಲ್ಲೇ ನಿಂತಿತು.

“ಅಮ್ಮ ಎಂತ ಹೇಳ್ತಿದ್ರು ಅಂತ ನಂಗೆ ಗೊತ್ತೇ ಇಲ್ಲ. ಕೇಳ್ಬೇಕು, ಕೇಳ್ಬೇಕು ಅಂತ ಇದ್ದೆ, ಅಷ್ಟರಲ್ಲಿ...”

ಊರಿಗೆ ಫೋನು ಮಾಡಿ ನಿಮ್ಮ ತಂಗಿಯನ್ನು ಕೇಳಿದೆವು. ಅವರಿಗೂ ತಿಳಿಯದು. ಡಾಕ್ಟರ ಮಾತಿನಿಂದ ನನಗೆ ಜ್ವರದ ಹೆದರಿಕೆ ಕಡಿಮೆಯಾಗಿತ್ತು, ಅತ್ತೆ. ಗಂಟಿಲ್ಲದ ಆ ನೂಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ನಿಮ್ಮ ಮಗಳನ್ನು ನೋಡುವುದೇ ಕಷ್ಟವಾಯಿತು. ನೀವು ಇನ್ನೊಂದು ಸಲ ಹೋದ ಹಾಗೆ...

ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನಲ್ಲಿ ಮೀನಾ ಎಂಬ ಸಹೋದ್ಯೋಗಿಗೆ ಇದನ್ನೆಲ್ಲ ಹೇಳಿಕೊಂಡೆ. ಹುಬ್ಬು ಇಳಿಸಿ. ಈಜಿಪ್ಟಿನ ಕ್ರೈಸ್ತರಲ್ಲಿ ಮೀನಾ ಎಂದರೆ ಗಂಡಸು, ದಪ್ಪ ಮೀಸೆಯವನು. ಇದನ್ನು ನಿಮ್ಮ ಮಗಳಿಗೆ ನಂಬಿಸಲು ಹಿಂದೊಮ್ಮೆ ಅವನನ್ನು ಮನೆಗೇ ಕರೆದು ನೀರ್‌ದೋಸೆ ತಿನ್ನಿಸಬೇಕಾಯಿತು. ಹಳೆಯ ಕಾಗದಪತ್ರಗಳ ಹುಚ್ಚು ಅವನಿಗೆ. ನನ್ನ ಕಥೆ ಕೇಳಿದವನೇ ಫೋನಿನಲ್ಲಿ ಒಂದು ಚಿತ್ರ ತೋರಿಸಿದ: ಪಪೈರಸ್ ಎಂಬ ಜೊಂಡಿನ ಕಾಗದದ ಚೂರು, ಮಡಚಿ ಮಡಚಿ ಗೆರೆ ಬಿದ್ದದ್ದು.

“ತಾಯತ, ಹಬೀಬಿ. ಸಾವಿರದೈನೂರು ವರ್ಷದ ಹಿಂದೆ ನಮ್ಮವರು ಕುತ್ತಿಗೆಗೆ ಕಟ್ಟಿಕೊಳ್ತಿದ್ದದ್ದು. ಜ್ವರಕ್ಕೆ.”

“ಯಾವ ಜ್ವರಕ್ಕೆ?”

“ದಿನಾ ಬರುವುದು, ದಿನ ಬಿಟ್ಟು ದಿನ ಬರುವುದು, ರಾತ್ರಿ ಬರುವುದು, ಎಲ್ಲದಕ್ಕೂ!”

ನಮ್ಮ ಇನ್ಶೂರೆನ್ಸಿನವರೂ ಇಷ್ಟು ಧಾರಾಳಿಗಳಲ್ಲ, ಅತ್ತೆ. ಇನ್ನೂ ಕೇಳಿ. ಕೆಲವು ತಾಯತಗಳಲ್ಲಿ ಪವಿತ್ರ ಗ್ರಂಥದ ಒಂದೊಂದು ಭಾಗದ ಮೊದಲ ಸಾಲು ಮಾತ್ರ ಇದೆಯಂತೆ, ಮದುವೆಯೂಟದ ಎಲೆಯ ತುದಿಗೆ ಎಲ್ಲವನ್ನೂ ಚೂರುಚೂರು ಬಡಿಸಿದ ಹಾಗೆ. ಕಾಗುಣಿತದ ತಪ್ಪುಗಳಂತೂ ನನ್ನ ಅಂಕಣಕ್ಕಿಂತ ಹೆಚ್ಚು. ಚರ್ಚಿನ ಹಿರಿಯರು ಇವನ್ನು ಕಟ್ಟಬೇಡಿ ಎಂದು ಗದರುತ್ತಿದ್ದರಂತೆ. ಜನ ಹೂಂ ಹೂಂ ಎಂದು ಕೇಳಿ, ಮನೆಗೆ ಬಂದು ಕಟ್ಟಿಕೊಳ್ಳುತ್ತಿದ್ದರಂತೆ. ಯಾರ ನೆನಪಾಯಿತು ಹೇಳಿ?

“ಕೊನೆಗೆ ಇದನ್ನೂ ಬರೆಯುವುದುಂಟು: ‘ಈಗಲೇ ಈಗಲೇ, ಬೇಗ ಬೇಗ’,” ಎಂದ ಮೀನಾ.

“ಅಂದ್ರೆ ನಿಮ್ಮ ಅರಬ್ಬಿಯ ಯಲ್ಲಾ ಯಲ್ಲಾ?”

“ಅದೇ! ಆದರೆ ಮುಖ್ಯ ಅದಲ್ಲ. ಇಲ್ಲಿ ನೋಡು, ಇಂಥ ತಾಯಿ ಹೆತ್ತ ಇಂಥವಳು ಅಂತಿದೆ. ಅಮ್ಮನ ಹೆಸರು.”

“ಅಪ್ಪನದು ಬೇಡವೋ? ನಮ್ಮೂರಲ್ಲಿ ಶಾಲೆಯಿಂದ ಹಿಡಿದು ಎಲ್ಲದಕ್ಕೂ ಅಪ್ಪನದೇ ಕೇಳ್ತಾರೆ.”

“ಅಪ್ಪನ ಹೆಸರು ಸರ್ಕಾರಕ್ಕೆ, ಹಬೀಬಿ. ಜ್ವರಕ್ಕೆ ಅಮ್ಮನ ಹೆಸರೇ ಗೊತ್ತಾಗುವುದು.”

ಅಂದು ಸಂಜೆ ಮನೆಗೆ ಹೋಗಿ ಶೂ ಬಿಚ್ಚುವ ಮೊದಲೇ ಎಲ್ಲವನ್ನೂ ವರದಿ ಮಾಡಿದೆ. ಶೈಲಾ ನಗಲಿಲ್ಲ. ಹಿರಿಯರ ಹೆಸರು ಹಿಡಿದು ಕರೆಯಬಾರದೆಂದು ಬೆಳೆಸಿದವರು ನೀವು. ನಿಮ್ಮ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಎಂದೂ ಕೇಳಿದ್ದಿಲ್ಲ. ನೂಲು ಕೈಗೆ ತೆಗೆದುಕೊಂಡಳು. “ಗಿರಿಜಾ ಹೆತ್ತ ಶೈಲಾ, ಶೈಲಾ ಹೆತ್ತ ಅನಘಾ... ಜ್ವರವೇ, ಈ ಮಗುವನ್ನು ಬಿಡು.” ಗಿರಿಜಾ ಎನ್ನುವಾಗ ದನಿ ಸ್ವಲ್ಪ ತಡವರಿಸಿತು, ಅಷ್ಟೆ. ಗಂಟು ಬಿತ್ತು.

“ಮಮ್ಮಾ, ಯೂ ಫರ್ಗಾಟ್ ಯಲ್ಲಾ ಯಲ್ಲಾ!” ಮಂಚದಿಂದ ರೋಗಿಯ ತಕರಾರು. ಅದನ್ನೂ ಸೇರಿಸಿದ ಮೇಲೆ ಮಹಾರಾಣಿ ಸಿರಪ್ ಕುಡಿದಳು, ಒಂದು ಹನಿ ಉಗುಳದೆ. ಜ್ವರ ಮತ್ತೊಂದು ಸಲ ಬಂದು, ವಿಳಾಸ ತಪ್ಪಿದವರಂತೆ ಹೊರಟುಹೋಯಿತು. ಸಿರಪ್ಪಿನಿಂದಲೋ ನೂಲಿನಿಂದಲೋ ಎಂದು ನನ್ನನ್ನು ಕೇಳಬೇಡಿ. ನಾನಾದರೋ ನಿಮ್ಮನ್ನು ಕೇಳುತ್ತಲೇ ಇರುತ್ತೇನೆ: ನೀವು ನಿಜಕ್ಕೂ ಏನು ಗುನುಗುತ್ತಿದ್ದಿರಿ? ಯಾರ ಹೆಸರಿತ್ತು ಅದರಲ್ಲಿ? ನಿಮ್ಮ ಅಮ್ಮನದೇ?

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಕಳೆದ ವಾರ ಮೀನಾ ಮನೆಗೆ ಬಂದ. ದೋಸೆ ತಿಂದ ಮೇಲೂ ಏಳಲಿಲ್ಲ, ಮೀಸೆ ತಿರುವುತ್ತಾ ಕುಳಿತ. ಅಲೆಕ್ಸಾಂಡ್ರಿಯಾದಲ್ಲಿ ಅವನ ಅಮ್ಮನಿಗೆ ಕಣ್ಣಿನ ಆಪರೇಷನ್ನಂತೆ, ತುಂಬ ಹೆದರಿದ್ದಾರಂತೆ. “ಒಂದು ನೂಲು... ಆಗಬಹುದೇ?”

“ನಿಮ್ಮ ಅಮ್ಮನನ್ನು ಹೆತ್ತವರ ಹೆಸರು?” ಎಂದು ಶೈಲಾ ಥೇಟ್ ನಿಮ್ಮ ಗತ್ತಿನಲ್ಲಿ ಕೇಳಿದಳು. ಪುರಾತನ ತಾಯತಗಳ ಪಂಡಿತ ತಬ್ಬಿಬ್ಬು! ಅಜ್ಜಿಯನ್ನು ಅಜ್ಜಿ ಎಂದೇ ಕರೆದವನು. ಅಕ್ಕನಿಗೆ ಫೋನು ಮಾಡಿ ಕೇಳಿ, ತನ್ನ ಅಜ್ಜಿಯ ಹೆಸರು ಮರಿಯಮ್ ಎಂದು ನಮ್ಮ ಮನೆಯಲ್ಲಿ ಕುಳಿತು ತಿಳಿದುಕೊಂಡ.

ಶುಕ್ರವಾರ ನೂಲು ಅವನ ಜೊತೆ ವಿಮಾನ ಹತ್ತಿತು, ಗಂಟು ಗಂಟಿಗೂ ಅಚ್ಚ ಕನ್ನಡ. ಇದು ಯಾರಿಂದ ಬಂದ ವಿದ್ಯೆಯೆಂದು ಅಮ್ಮನಿಗೆ ಹೇಳಲೇಬೇಕೆಂದು ಶೈಲಾ ಅವನಿಗೆ ತಾಕೀತು ಮಾಡಿದ್ದಳು. ಅವನ ಅಮ್ಮನ ಆಪರೇಷನ್ ಚೆನ್ನಾಗಿ ಆಯಿತಂತೆ. ನರ್ಸುಗಳು ಕೈಯ ನೂಲು ನೋಡಿ ಇದನ್ನು ಕಟ್ಟಿದ್ದು ಯಾರೆಂದು ಕೇಳಿದರೆ, ಆಕೆ ಬಲು ಗಂಭೀರವಾಗಿ ಹೇಳುತ್ತಾರಂತೆ: “ಗಿರಿಜಾ.”

ಇಂತಿ,
ನಿಮ್ಮ ಅಳಿಯ