ನೀಲಿ ಅಂಗಿಯ ಕಾಲರು

ತಿಮಾಫೆ,

ಏಳರ ಬಸ್ಸಿಗೆ ಗೋಮೆಲ್ ಆಸ್ಪತ್ರೆಗೆ ಹೊರಟಿದ್ದೀನಿ, ನನ್ನ ಥೈರಾಯ್ಡಿನ ವರ್ಷದ ತಪಾಸಣೆಗೆ. ಬೀಟ್ರೂಟ್ ಸಾರು ಒಲೆ ಮೇಲಿದೆ, ಬಿಸಿ ಮಾಡ್ಕೊಂಡು ಉಣ್ಣು. ಕೋಳಿಗಳಿಗೆ ನೀರಿಡೋದು ಮರೀಬೇಡ.

ಅಣಬೆ ಜಾಡಿ ಹುಡುಕಬೇಡ, ಎಸೆದಿದ್ದೀನಿ. "ಸಂತೇಲಿ ತಂದೆ ಕಣೇ" ಅಂದೆಯಲ್ಲ, ಸಂತೆ ಅಣಬೆಗೆ ವಿಕಿರಣ ಅಳೆದ ಚೀಟಿ ಕೊಡ್ತಾರೆ. ಅದೆಲ್ಲಿ? ನಿನ್ನ ಬೂಟಿಗೆ ಅಂಟಿರೋ ಪಾಚಿ ನಿಷೇಧದ ಬೇಲಿಯಾಚೆ ಕಾಡಿಂದು. ನನ್ನ ಕಿವಿ ಮೇಲೆ ಹೂ ಇಡಬೇಡ.

ಇನ್ನು ಆ ನೀಲಿ ಅಂಗಿ. "ಬಿಸಿನೀರಲ್ಲಿ ಒಗೆದು ಕುಗ್ಗಿಸಿಬಿಟ್ಟೆ, ಕಾಲರು ಬಿಗೀತಿದೆ" ಅಂತ ಚಳಿಗಾಲವೆಲ್ಲ ನನ್ನನ್ನೇ ಬೈದೆ. ನಾನೂ ಹೌದೇನೋ ಅಂದ್ಕೊಂಡು ಎರಡು ಸಲ ಗುಂಡಿ ಸರಿಸಿ ಹೊಲಿದುಕೊಟ್ಟೆ. ನಿನ್ನೆ ಇಸ್ತ್ರಿ ಮಾಡುವಾಗ ಯಾಕೋ ಅನುಮಾನ ಬಂತು. ಅದರ ಜೋಡಿ ಅಂಗಿ ಪೆಟ್ಟಿಗೇಲಿ ಹಾಗೇ ಇದೆಯಲ್ಲ, ಇನ್ನೂ ನೀರೇ ಕಾಣದ್ದು, ಅದರ ಪಕ್ಕ ಹಾಸಿ ಅಳೆದೆ. ತೋಳು ಕುಗ್ಗಿಲ್ಲ, ಎದೆ ಕುಗ್ಗಿಲ್ಲ. ಕಾಲರೂ ಕುಗ್ಗಿಲ್ಲ ತಿಮಾಫೆ.

ಅಣುಸ್ಥಾವರದ ರಿಯಾಕ್ಟರ್ ಸಿಡಿದ ಆ ವಸಂತದಲ್ಲಿ ಶಾಲೇಲಿ ನಾವಿಬ್ಬರೂ ಒಂದೇ ಕ್ಯಾನಿನ ವಿಕಿರಣದ ಹಾಲು ಕುಡಿದವರು. ನೀನಂತೂ ನನ್ನ ಲೋಟದಲ್ಲೂ ಅರ್ಧ ಕಸಿದು ಕುಡೀತಿದ್ದೆ. ಈಗ ನನ್ನ ಕತ್ತಿನ ಥೈರಾಯ್ಡ್ ಆಪರೇಷನ್ನಿನ ಹೊಲಿಗೆ ಗೆರೆಗೆ ದಿನಾ ಮುತ್ತಿಡ್ತೀಯ, ನಿನ್ನ ಕತ್ತು ಮುಟ್ಟೋಕೆ ಬಂದರೆ ಕಚಗುಳಿ ಅಂತ ಜಾರ್ಕೋತೀಯ. ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?

ನಿನ್ನ ಆಸ್ಪತ್ರೆ ಕಾರ್ಡು ನನ್ನ ಚೀಲದಲ್ಲಿದೆ, ನಿನ್ನ ಹೆಸರೂ ಬರೆಸಿ ಬರ್ತೀನಿ. ಇನ್ನು ಮೇಲೆ ಗುಂಡಿ ಸರಿಸಿ ಹೊಲಿಯೋಳಲ್ಲ ನಾನು.

ಯಾದ್ವೀಗ