ಕಾಲಿನ ಕಡೆ ಬಿಟ್ಟ ಜಾಗ

ಹೊರಸು ಹೆಣೆಯುತ್ತಿದ್ದ ಅಪ್ಪನಿಗೆ,

ಮುನಿರಾಬಾದಿನ ಆಫೀಸಿನಿಂದ ನೀನು ಮನೆಗೆ ಬಂದ ಕೂಡಲೇ ಯಾರೂ ನಿನ್ನನ್ನು ಮಾತಾಡಿಸುವಂತಿರಲಿಲ್ಲ. ದಿನವಿಡೀ ಕಾಲುವೆ ನೀರಿನ ಲೆಕ್ಕ ಬರೆದ ಮುಖ ನಿನ್ನದು. ನೀನು ಚಹಾ ಕುಡಿದು, ಅಂಗಿ ಕಳಚಿ ಗೂಟಕ್ಕೆ ಹಾಕಿ, ಅಂಗಳದಲ್ಲಿ ಹೊರಸಿನ ಮುಂದೆ ಕೂತುಬಿಡುತ್ತಿದ್ದೆ. ಓಣಿಯ ಮಂದಿ ಹಗ್ಗ ಜೋತುಬಿದ್ದ ಹೊರಸು ಮಂಚಗಳನ್ನು ನಮ್ಮಲ್ಲಿ ತಂದಿಟ್ಟು ಹೋಗುತ್ತಿದ್ದರು. ನೀನು ಹಳೆಯ ಹಗ್ಗ ಬಿಚ್ಚಿ, ಹೊಸ ನಾರಿನ ಹಗ್ಗದಲ್ಲಿ ಹೆಣೆದುಕೊಡುತ್ತಿದ್ದೆ. ನಾನು ಏನಾದರೂ ಕೇಳಲು ಬಂದರೆ, “ತಡಿ ತಮ್ಮಾ. ಆಫೀಸಿನ್ಯಾಗಿನ ಅಂಕಿ ಇನ್ನೂ ತಲ್ಯಾಗ ಓಡ್ಯಾಡಾಕ ಹತ್ಯಾವು. ಅವು ಕುಂದ್ರೂತನಾ ತಡಿ,” ಅನ್ನುತ್ತಿದ್ದೆ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮಾತಿಗಿಂತ ನನಗೆ ನೋಡುವುದೇ ಸುಲಭ ಎಂಬುದು ನಿನಗೆ ಗೊತ್ತಿತ್ತಲ್ಲವೇ?

ಒಂದು ಸಂಜೆ ಪಕ್ಕದ ಮನೆಯ ಮಾಸ್ತರು ಗೋಡೆಯಾಚೆಯಿಂದ ಇಣುಕಿ, “ಏನ್ರೀ ಸಾಹೇಬ್ರ, ಪೆನ್ಶನ್ ಸಾಲಂಗಿಲ್ಲಂತ ಈಗಿಂದನಽ ಧಂಧೆ ಕಲ್ಯಾಕ ಹತ್ತೀರೇನು?” ಎಂದು ಚೇಷ್ಟೆ ಮಾಡಿದರು. ನೀನು ತಲೆ ಎತ್ತಲಿಲ್ಲ. “ಧಂಧೆ ಆಗಿದ್ರ ಇಷ್ಟು ಛಲೋ ನಿದ್ದಿ ಬರ್ತಿದ್ದಿಲ್ರಿ ಮಾಸ್ತರ,” ಅಂದೆ, ಅಷ್ಟೇ.

ಹೆಣೆದು ಮುಗಿಸಿದ ಹೊರಸಿನ ಮೇಲೆ ನೀನು ಎಂದೂ ಮೊದಲು ಕೂತವನಲ್ಲ. ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ. ಒಮ್ಮೆ ಕಾಯಿಪಲ್ಲೆ ಮಾರುವ ಮುದುಕಿಯನ್ನು ಕರೆದದ್ದು ನೆನಪಿದೆ. “ಮಂದಿ ಹೊರಸಿನ ಮ್ಯಾಲ ನಾ ಯಾಕ ಕುಂದರಲೋ ಯಪ್ಪಾ?” ಎಂದು ಆಕೆ ಹಿಂಜರಿದಾಗ ನೀನು ಬುಟ್ಟಿ ಇಳಿಸಿಕೊಂಡು, “ಹೆಣದಾಂವ ಮದ್ಲ ಮಲಗಬಾರದು ಬೇ, ದಣದಾರು ಮಲಗಬೇಕು. ನಮ್ಮನ್ಯಾಗ ಹಂಗಽ,” ಎಂದಿದ್ದೆ. ಅದು ನಮ್ಮ ಅಜ್ಜನ ಕಾಲದ ಪದ್ಧತಿಯೋ, ನೀನೇ ಮಾಡಿಕೊಂಡದ್ದೋ? ಕೇಳೋಣವೆಂದು ಎಷ್ಟೋ ಸಲ...

ನಿನ್ನನ್ನು ಕೊಪ್ಪಳದ ಆಸ್ಪತ್ರೆಯ ಕಬ್ಬಿಣದ ಮಂಚದ ಮೇಲೆ ಕಡೆಯ ಸಲ ನೋಡಿದೆವು. ನಮ್ಮೂರಾದ ಇರಕಲ್ಲಗಡದ ಮನೆಗೆ ಮರಳಿದ ಮೇಲೆ ಹಿರಿಯರು ನೀನು ಮಲಗುತ್ತಿದ್ದ ಹೊರಸಿನ ಹಗ್ಗ ಬಿಚ್ಚಿಸಿದರು, ಸಾವಾದ ಮನೆಯಲ್ಲಿ ಹಾಗೆ ಮಾಡಬೇಕಂತೆ. ಬರಿಯ ಚೌಕಟ್ಟು ಬಾಗಿಲ ಹಿಂದೆ ನಿಂತಿತು. ಅವ್ವ ನೆಲದ ಮೇಲೆ ಮಲಗತೊಡಗಿದಳು. ನೆಲದ ತಂಪಿಗೆ ಸೊಂಟ ಹಿಡಿದು, ಬೆಳಿಗ್ಗೆ ಗೋಡೆ ಹಿಡಿದುಕೊಂಡೇ ಏಳುತ್ತಿದ್ದಳು. ಅವಳು ನಿದ್ದೆ ಮಾಡಿಲ್ಲ ಎಂಬುದು ಕಣ್ಣು ನೋಡಿದರೇ ತಿಳಿಯುತ್ತಿತ್ತು. ಡಾಕ್ಟರು ನೆಲದ ಮೇಲೆ ಮಲಗಲೇಬಾರದು ಎಂದರು. ಅಕ್ಕ ಕುಷ್ಟಗಿಯಿಂದ ಹೊಸ ಕಬ್ಬಿಣದ ಮಂಚ ತಂದಳು. ಅವ್ವ ಅದರ ಮೇಲೆ ಜೋಳದ ಚೀಲ ಇಡಿಸಿದಳು.

“ಅದರ ಮ್ಯಾಲ ಮಲಗಿದ್ರ ದವಾಖಾನಿ ವಾಸನಿ ಬರ್ತೈತಿ.”

“ಹೊಸಾ ಮಂಚಕ್ಕ ಎಲ್ಲಿ ವಾಸನಿ ಬೇ?” ಅಕ್ಕನಿಗೆ ಸಿಟ್ಟು.

“ನಿನಗ ಬರಂಗಿಲ್ಲವಾ. ನನಗ ಬರ್ತೈತಿ.”

ನನ್ನ ಕೆಲಸದ ಬಗ್ಗೆ ನಿನಗೆ ಗೊತ್ತಿಲ್ಲ. ಎಂ.ಎ. ಮುಗಿದ ಮೇಲೆ ಕೊಪ್ಪಳದ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತೇನೆ. ಉಳಿದ ಹೊತ್ತಿನಲ್ಲಿ ಅಧ್ಯಾಪಕರ ಪರೀಕ್ಷೆಗೆ ಓದುತ್ತೇನೆ. ಮೆಚ್ಚಿ ಆರಿಸಿಕೊಂಡ ಸಾಹಿತ್ಯವೇ ಅಪ್ಪಾ, ಆದರೂ ಒಂದು ಹಂತದಲ್ಲಿ ಊಟಕ್ಕೆ ಕೂತರೆ ಉಪ್ಪಿನ ಪಾಕೀಟಿನ ಮೇಲೆ ಕಾಗುಣಿತದ ತಪ್ಪು ಹುಡುಕುತ್ತಿದ್ದೆ. ಬಸ್ಸಿನಲ್ಲಿ ಯಾರೋ ಮಾತಾಡಿದರೆ ಅವರ ಮಾತಿಗೂ ಅಲ್ಪವಿರಾಮ ಹಾಕುತ್ತಿದ್ದೆ. ನಿನ್ನ ಅಂಕಿಗಳು ಹೇಗೆ ಓಡಾಡುತ್ತಿದ್ದವು ಎಂದು ಆಗ ತಿಳಿಯಿತು. ಒಂದು ಭಾನುವಾರ ಚೌಕಟ್ಟನ್ನು ಅಂಗಳಕ್ಕೆ ತಂದು ಧೂಳು ಒರೆಸಿದೆ. ಅವ್ವನಿಗೆ ಮಲಗಲು ಒಂದು ಹೊರಸಾದರೆ ಸಾಕು ಎಂದುಕೊಂಡೆ.

ಕೊಪ್ಪಳದ ಪೇಟೆಯ ಅಂಗಡಿಯವನು, “ನಾರಿನ ಹಗ್ಗ ಈಗ ಯಾರು ಕೇಳ್ತಾರ್ರಿ ಸರ, ನೈಲಾನ್ ಒಯ್ಯರಿ, ಮೊಮ್ಮಕ್ಕಳ ಕಾಲಕ್ಕೂ ಹರಿಯಂಗಿಲ್ಲ,” ಎಂದ. ನನಗೆ ಇನ್ನೂ ಮದುವೆಯೇ ಆಗಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ನಾರಿನದನ್ನೇ ತಂದೆ.

ಮೊದಲ ದಿನ ಅಂಗೈ ಉರಿಯಿತು. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ; ನೀನು ಮಾಡುವಾಗ ನೋಡಿದ್ದು ಕೈಗೆ ಬರಲು ಬಹಳ ಹೊತ್ತು ಹಿಡಿಯಿತು. ಆದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಗ್ಗ ಹಾಯಿಸುತ್ತಾ ಹೋದಂತೆ ತಲೆಯೊಳಗಿನ ಅಕ್ಷರಗಳು ಒಂದೊಂದಾಗಿ ಕೂತವು. ಹಗ್ಗದ ವಾಸನೆ, ಅಂಗಳದ ಬಿಸಿಲು, ಅಷ್ಟೇ ಉಳಿಯಿತು. ನೀನು ಹೋದ ಮೇಲೆ ಮೊದಲ ಸಲ ನಿನ್ನನ್ನು ಅಳದೆ ನೆನೆದೆ.

ಮುಂದಿನ ಭಾನುವಾರ ಚೌಕಟ್ಟು ಪೂರಾ ತುಂಬುವ ತನಕ ಹೆಣೆದು ಅವ್ವನನ್ನು ಕರೆದೆ. ಅವಳು ಗೋಡೆ ಹಿಡಿದು ಬಂದು, ಒಂದು ಸುತ್ತು ನೋಡಿ, ಬಾಯಿಗೆ ಸೆರಗು ಹಚ್ಚಿದಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

“ತಮ್ಮಾ, ಕಾಲಿನ ಕಡೆ ಜಾಗಾನಽ ಬಿಟ್ಟಿಲ್ಲಲ್ಲೋ. ನಾಳೆ ಜೋತು ಬಿದ್ರ ಎಲ್ಲಿ ಹಿಡದು ಜಗ್ಗತಿ? ನಿಮ್ಮಪ್ಪ ಗೇಣು ಜಾಗ ಬಿಟ್ಟು, ಅಲ್ಲಿ ಬಿಗಿ ಹಗ್ಗ ಹಾಕ್ತಿದ್ದ.”

ಕಟ್ಟೆಯ ಮೇಲೆ ಕೂತರೆ ನನಗೆ ಕಾಣುತ್ತಿದ್ದದ್ದು ಹೊರಸಿನ ತಲೆಯ ಕಡೆ ಆಡುತ್ತಿದ್ದ ನಿನ್ನ ಕೈ. ಕಾಲಿನ ಕಡೆ ಕೂತು ಹಗ್ಗದ ತುದಿ ಹಿಡಿದು ಜಗ್ಗುತ್ತಿದ್ದವಳು ಅವ್ವ. ಅವಳನ್ನು ನಾನು ನೋಡಿಯೇ ಇರಲಿಲ್ಲವೇ?

“ಬಿಚ್ಚು,” ಅಂದಳು. ಪೂರಾ ಬಿಚ್ಚಿದೆ. ಮರುದಿನ ಬೆಳಿಗ್ಗೆ ಮತ್ತೆ ಶುರು ಮಾಡಿದಾಗ ಅವಳು ಕಾಲಿನ ಕಡೆ ಮಣೆ ಹಾಕಿಕೊಂಡು ಕೂತಳು. “ಹಿಂಗ ಎಳದ್ರ ಕಟ್ಟಿಗಿ ಮುರೀತೈತಿ. ಕುಸ್ತಿ ಹಿಡದೀಯೇನು?” ಎಂದು ಬೈಯುತ್ತಲೇ ಜಗ್ಗಿದಳು. ನೀನು ಹೋದ ದಿನದಿಂದ ಅವಳು ಇಷ್ಟು ಮಾತಾಡಿರಲಿಲ್ಲ.

ಮುಗಿದಾಗ ಮಧ್ಯಾಹ್ನ ಇಳಿದಿತ್ತು. “ಮಲಗು ಬೇ,” ಅಂದೆ.

“ಅಯ್ಯ, ನಾನೂ ಹೆಣದೀನಲ್ಲೋ. ಅರ್ಧಾ ನಂದಽ ಐತಿ. ನಾ ಹೆಂಗ ಮಲಗಲಿ? ಯಾರರ ದಣದಾರ್ನ ಕರಿ.”

ಅಂಗಡಿಯವನೆದುರೇ ಬಾಯಿ ಬಾರದವನು ದಾರಿಗೆ ಹೋಗಿ ಯಾರನ್ನು ಕರೆಯಲಿ? ಅವ್ವ ಆಗಲೇ ನೆಲದ ಮೇಲೆ ಚಾಪೆ ಹಾಸತೊಡಗಿದ್ದಳು. ಅದನ್ನು ನೋಡಲಾಗದೆ ಬೀದಿಗಿಳಿದೆ. ಗ್ಯಾಸ್ ಸಿಲಿಂಡರ್ ಹೊತ್ತು ಮನೆಮನೆಗೆ ಇಳಿಸುವವನು ಬೇವಿನ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

“ಅಣ್ಣಾರ, ನಮ್ಮನ್ಯಾಗ ಒಂದೀಟು ಮಲಗಿ ಹೋಗ್ರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಯಾಕ್ರಿ? ಏನರ ಪೂಜಾ ಐತೇನು?”

ತಡವರಿಸುತ್ತಾ ಎಲ್ಲ ಹೇಳಿದೆ. ಅವನು ನಗಲಿಲ್ಲ. ಬಂದು, ಚಪ್ಪಲಿ ಬಿಟ್ಟು, ಕೈಕಾಲು ಚಾಚಿ ಮಲಗಿ ಕಣ್ಣು ಮುಚ್ಚಿದ. ಅವ್ವ ಕೊಟ್ಟ ಮಜ್ಜಿಗೆ ಕುಡಿದು ಏಳುವಾಗ, “ಏಳಾಕ ಮನಸ್ಸಾಗವಲ್ದು ಬೇ, ಆದ್ರ ಇನ್ನೂ ಮನಿ ಅದಾವು,” ಎಂದು ಹೋದ.

ಅವ್ವ ಮೊದಲು ಬಸ್ಸಿನ ಸೀಟಿನಲ್ಲಿ ಕೂತಂತೆ ಅಂಚಿಗೆ ಕೂತಳು. ಹೆಣಿಗೆಯ ಮೇಲೆ ಅಂಗೈ ಆಡಿಸಿದಳು. “ನಿಮ್ಮಪ್ಪನ ಕೈ ಅಲ್ಲ ಇದು,” ಅಂದಳು. ಒಂದು ಎಳೆ ಜಗ್ಗಿ ನೋಡಿ, “ಇರ್ಲಿ,” ಎಂದು ಮಲಗಿ, ಮುಖದ ಮೇಲೆ ಸೆರಗು ಎಳೆದುಕೊಂಡಳು. ನಾನು ಕಟ್ಟೆಯ ಮೇಲೆ ಕೂತೆ. ಸೆರಗು ಉಸಿರಿಗೆ ಏಳುತ್ತಾ ಇಳಿಯುತ್ತಾ ಇತ್ತು. ಆಮೇಲೆ ಅವಳ ಗೊರಕೆ ಕೇಳಿತು. ನೀನು ಯಾವಾಗಲೂ ಅಣಕಿಸುತ್ತಿದ್ದ ಅದೇ ಗೊರಕೆ ಅಪ್ಪಾ.

ಮೊದಮೊದಲು ಹಗ್ಗ ಸಡಿಲಾಗುತ್ತದಂತೆ. ಭಾನುವಾರ ಕರಡಿನ ಕಟ್ಟು ಪಕ್ಕಕ್ಕಿಟ್ಟು ಕಾಲಿನ ಕಡೆ ಜಗ್ಗಿ ಬಿಗಿ ಮಾಡುತ್ತೇನೆ. ಈಗ ಅಲ್ಲಿ ಜಾಗವಿದೆ.

ನಿನ್ನ ಮಗ,
ತಮ್ಮ