ಯಾರೂ ಒಯ್ಯದ ಆಟಗಳ ಕಪಾಟು

ಮಾರ್ಚ್ 3, ಸೋಮವಾರ

ಹದಿನಾಲ್ಕನೆಯ ಚೀಟಿ ಅಂಟಿಸಿದೆ. ಈ ಸಲ ಲಿಫ್ಟ್ ಆಟದ ಡಬ್ಬಿಗೆ. "ನಲವತ್ತು ಮಹಡಿಯ ಕಟ್ಟಡ. ಲಿಫ್ಟ್ ನಡೆಸುವವರು ನೀವು. ಹತ್ತಿದವರು ಏನೇನೋ ಮಾತಾಡುತ್ತಾರೆ, ಮುಗಿಸುವ ಮೊದಲೇ ಇಳಿದುಬಿಡುತ್ತಾರೆ. ಪೂರ್ತಿ ಕೇಳಬೇಕೆಂದರೆ ಬಾಗಿಲು ತಡವಾಗಿ ತೆರೆಯಬೇಕು, ಆಗ ನಿಮ್ಮ ಕೆಲಸ ಹೋಗುತ್ತದೆ. ಒಯ್ದು ನೋಡಿ."

ಸಂಜೆಯವರೆಗೆ ಯಾರೂ ಒಯ್ಯಲಿಲ್ಲ. ಒಬ್ಬ ಅಪ್ಪ ನಿಂತು ಓದಿದ, ನಕ್ಕ, ಫುಟ್‌ಬಾಲ್ ಆಟದ ಡಬ್ಬಿ ತೆಗೆದುಕೊಂಡು ಹೋದ. ಓದಿದನಲ್ಲ, ಅಷ್ಟೇ ಸಮಾಧಾನ.

ಹನ್ನೆರಡು ವರ್ಷದಿಂದ ಲೈಬ್ರರಿಯ ವಿಡಿಯೋ ಗೇಮ್ಸ್ ಕಪಾಟು ನನ್ನ ಪಾಲಿಗೆ ಬಂದಿದೆ. ಮೇಲಿನ ಸಾಲುಗಳಲ್ಲಿ ಕಾರು, ಕುಸ್ತಿ, ಗುಂಡು ಹಾರಿಸುವುದು... ಬಂದ ದಿನವೇ ಖಾಲಿ. ಕೆಳಗಿನ ಸಾಲು ನೋಡಬೇಕೆಂದರೆ ಬಗ್ಗಬೇಕು. ಯಾರಿಗೂ ಸೊಂಟವೇ ಇಲ್ಲವೇನೋ ಅನ್ನಿಸುತ್ತದೆ ಒಮ್ಮೊಮ್ಮೆ.

ಮಾರ್ಚ್ 5, ಬುಧವಾರ

ತೆಗೆದುಹಾಕುವ ಪಟ್ಟಿ ಬಂತು. ಎರಡು ವರ್ಷ ಯಾರೂ ಒಯ್ಯದೇ ಇದ್ದದ್ದೆಲ್ಲ ಅದರಲ್ಲಿ. ಹದಿನೈದನೇ ತಾರೀಖಿಗೆ ಲಾರಿ ಬರುತ್ತದೆ, ಎಲ್ಲ ಪುಡಿಯಾಗುತ್ತದೆ. ಸಿಬ್ಬಂದಿ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. ಹನ್ನೊಂದು ಆಟ. ಏಳನೆಯದು "ಹೊಳೆಯಾಚೆ".

ಪಟ್ಟಿ ಹಿಡಿದುಕೊಂಡು ನೆಟ್ಟಗೆ ದೊಡ್ಡ ಮೇಡಂ ರೂಮಿಗೆ ಹೋದೆ.

"ಮೇಡಂ, ಇದೊಂದನ್ನ ಬಿಟ್ಬಿಡಿ."

"ಯಾಕಮ್ಮ?"

"ತುಂಬಾ ಒಳ್ಳೇ ಆಟ."

"ಒಳ್ಳೇದಾಗಿದ್ರೆ ಯಾರಾದ್ರೂ ಒಯ್ತಿದ್ರಲ್ಲ?"

ಈ ಮಾತಿಗೆ ಹನ್ನೆರಡು ವರ್ಷದಿಂದ ಉತ್ತರ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಪಟ್ಟಿಯ ಏಳನೆಯ ಸಾಲಿನ ಮೇಲೆ ಬೆರಳಿಟ್ಟೆ. ಮೇಡಂ ಕನ್ನಡಕ ತೆಗೆದು ನೋಡಿದರು. "ನೋಡು, ಹದಿನೈದರೊಳಗೆ ಒಬ್ಬ ಮೆಂಬರ್ ಒಯ್ಲಿ ಸಾಕು. ಇನ್ನೆರಡು ವರ್ಷ ಅದರ ತಂಟೆಗೆ ಬರಲ್ಲ. ಆದ್ರೆ ನಿನ್ನ ಕಾರ್ಡಲ್ಲಿ ತೆಗೆದ್ರೆ ಲೆಕ್ಕಕ್ಕಿಲ್ಲ, ಗೊತ್ತಲ್ಲ?"

ಗೊತ್ತು. ಪರಿಚಯದವರ ಕೈಕಾಲು ಹಿಡಿದು ಒಯ್ಯಿಸುವುದೂ ನನಗೆ ಸರಿಬರುವುದಿಲ್ಲ. ಬೇಕೆನಿಸಿ ಒಯ್ಯಬೇಕು. ಚೀಟಿ ಬರೆಯುವವಳಿಗೆ ಅಷ್ಟಾದರೂ ಮಾನ ಬೇಡವೇ.

ಮಾರ್ಚ್ 6, ಬೆಳಗ್ಗೆ, ಬಾಗಿಲು ತೆರೆಯುವ ಮೊದಲು

ಹಿಂದಿನ ರೂಮಿನಲ್ಲಿ ಮೆಷಿನ್‌ಗೆ ಹಾಕಿ ನೋಡಿದೆ. ಇದೆ. ಊರು ಇದೆ.

ಈ ಆಟದ ಕ್ಯಾಸೆಟ್ಟಿನಲ್ಲಿ ಉಳಿಯುವುದು ಆಡುವವರು ಕಟ್ಟಿದ ಒಂದೇ ಊರು. ಯಾರು ಒಯ್ದರೂ ಅದೇ. ನಾನೂ ಅಣ್ಣನೂ ಕಟ್ಟಿದ್ದು, ನನಗಾಗ ಹನ್ನೊಂದು, ಅವನಿಗೆ ಹದಿನೈದು. ಇದೇ ಲೈಬ್ರರಿ, ಮೆಷಿನ್ ಸಮೇತ ಇದೇ ಡಬ್ಬಿ. ಎರಡು ವಾರ ಇಟ್ಟುಕೊಳ್ಳುವುದು, ವಾಪಸ್ ಕೊಡುವುದು, ಮರುದಿನ ಮತ್ತೆ ಹೋಗಿ ತರುವುದು. ನಮ್ಮನ್ನು ಬಿಟ್ಟರೆ ಕೇಳುವವರಿರಲಿಲ್ಲ.

ಆಗ ನಮ್ಮದು ಪ್ರಿಂಟಿಂಗ್ ಪ್ರೆಸ್ಸಿನ ಮೇಲೆ ಎರಡು ರೂಮಿನ ಮನೆ. ನಾಲ್ಕು ಗಂಟೆಗೆ ಕೆಳಗೆ ದೊಡ್ಡ ಮೆಷಿನ್ ಶುರುವಾದರೆ ನೆಲ ನಡುಗುತ್ತಿತ್ತು, ಟಿ.ವಿ.ಯೊಳಗಿನ ನಮ್ಮ ಊರೂ ನಡುಗುತ್ತಿತ್ತು. ಭೂಕಂಪ ಬಂತು ಎಂದು ಕೂಗಿ ಊರಿನವರನ್ನೆಲ್ಲ ಹೊಳೆ ದಂಡೆಗೆ ಓಡಿಸುತ್ತಿದ್ದೆವು. ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಅದಕ್ಕೆ ಊರಿನಲ್ಲಿ ಅಮ್ಮನಿಗೊಂದು ಮನೆ, ನಾಲ್ಕೂ ಕಡೆ ಕಿಟಕಿ. ಕರೆದು ತೋರಿಸಿದೆವು. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಒಂದು ನಿಮಿಷ ನೋಡಿದಳು. "ಇಷ್ಟೊಂದು ಕಿಟಕಿ ಒರೆಸೋರು ಯಾರು?" ಎಂದು ಒಳಗೆ ಹೋದಳು.

ಅಮ್ಮ ಹೋಗಿ ಆರು ವರ್ಷ. ಪ್ರೆಸ್ಸಿನ ಕಟ್ಟಡವೂ ಇಲ್ಲ. ಆ ಮನೆ ಮಾತ್ರ ಇದೆ. ವರ್ಷಕ್ಕೊಮ್ಮೆ ಹೀಗೆ ಕದ್ದು ನೋಡುತ್ತೇನೆ. ಮಧ್ಯೆ ಐದಾರು ಜನ ಒಯ್ದಿದ್ದಾರೆ, ಏನೂ ಆಗಿಲ್ಲ. ಆನ್ ಮಾಡಿದ ಕೂಡಲೇ ಬಾಣ "ಮುಂದುವರಿಸಿ" ಎಂಬಲ್ಲೇ ನಿಂತಿರುತ್ತದೆ, ಎಲ್ಲರೂ ಅದನ್ನೇ ಒತ್ತುತ್ತಾರೆ. ಯಾರೋ ಕಟ್ಟಿದ ಊರು ನೋಡಿ, ಬೇಜಾರಾಗಿ ವಾಪಸ್ ತರುತ್ತಾರೆ.

ಮಾರ್ಚ್ 7, ಶುಕ್ರವಾರ

ಅಣ್ಣನ ಫೋನ್. ಹಡಗಿನಿಂದ. ಎಂಜಿನ್ ರೂಮಿನಲ್ಲಿ ವೆಲ್ಡಿಂಗ್ ಮಾಡಿ ಮಾಡಿ ಕಿವಿ ಮಂದ, ಅದಕ್ಕೆ ಅವನೇ ಕಿರುಚುತ್ತಾನೆ.

"ಇಪ್ಪತ್ತೆರಡಕ್ಕೆ ಬರ್ತಿದೀನಿ ಕಣೇ! ನಮ್ಮ ಊರು ಇದೆಯಾ?"

"ಇದೆ."

"ಈ ಸಲ ಒಂದಿನ ಪೂರ್ತಿ ಕೂತ್ಕೊಂಡು ಆಡ್ಬೇಕು. ಅಮ್ಮನ ಮನೆ ಮುಂದೆ ದೋಣಿ ನಿಲ್ಲಿಸ್ಬೇಕು."

ಅಮ್ಮ ಹೋದಾಗ ಅವನ ಹಡಗು ದಡದಿಂದ ಹನ್ನೊಂದು ದಿನ ದೂರವಿತ್ತು. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ಮಾತು ನಾವಿಬ್ಬರೂ ಎತ್ತುವುದಿಲ್ಲ. ಪಟ್ಟಿಯ ವಿಷಯ ಹೇಳಲಿಲ್ಲ. ಅವನು ಬರುವುದು ಲಾರಿ ಹೋದ ಒಂದು ವಾರಕ್ಕೆ.

ಮಾರ್ಚ್ 8, ಶನಿವಾರ

"ಹೊಳೆಯಾಚೆ"ಗೆ ಚೀಟಿ. ಆರು ಸಲ ಬರೆದು ಹರಿದೆ. ಬೇರೆಯವಕ್ಕೆಲ್ಲ ಎರಡು ನಿಮಿಷದಲ್ಲಿ ಬರೆಯುವವಳು! ಕಡೆಗೆ ಮೊದಲ ಸಲ ಆಡಿದ ದಿನವನ್ನು ನೆನೆಸಿಕೊಂಡು, ಒಂದೇ ಉಸಿರಿಗೆ ಬರೆದೆ:

"ಒಂದು ಹೊಳೆ, ಖಾಲಿ ದಡ, ಒಂದು ದೋಣಿ. ಶತ್ರುಗಳಿಲ್ಲ, ಅಂಕಗಳಿಲ್ಲ, ಸೋಲೂ ಇಲ್ಲ. ಮನೆ ಕಟ್ಟುತ್ತೀರಿ, ಜನ ಬರುತ್ತಾರೆ, ಊರಾಗುತ್ತದೆ. ಮೊದಲಿನಿಂದಲೇ ಶುರು ಮಾಡಿ. ಮಂಜಿನೊಳಗಿಂದ ಬಂದು ದೋಣಿ ದಡಕ್ಕೆ ತಾಗುವ ಆ ಸದ್ದನ್ನು ತಪ್ಪಿಸಿಕೊಳ್ಳಬೇಡಿ. ಅವಸರದವರಿಗಲ್ಲ."

ಚೆನ್ನಾಗಿದೆ. ನನಗೇ ಒಯ್ಯಬೇಕೆನಿಸಿತು.

ಮಾರ್ಚ್ 12, ಬುಧವಾರ

ಹನ್ನೊಂದರಲ್ಲಿ ಮೂರು ಬಚಾವ್. ಲಿಫ್ಟ್ ಆಟವನ್ನು ಬಸ್ ಕಂಡಕ್ಟರ್ ಒಬ್ಬರು ಒಯ್ದರು. "ನಮ್ಮ ಕೆಲಸವೂ ಇದೇ ಅಲ್ವಾ ಮೇಡಂ, ಎಲ್ರದೂ ಅರ್ಧರ್ಧ ಕಥೆ" ಎಂದರು. ದೀಪಸ್ತಂಭದ ಆಟ ಹೋಯಿತು. ಅದರಲ್ಲಿ ಮಾಡುವುದೇನೂ ಇಲ್ಲ, ದೀಪ ಆರದಂತೆ ನೋಡಿಕೊಳ್ಳುವುದಷ್ಟೇ. ದೂರದಲ್ಲಿ ಹಡಗುಗಳು ಹಾದುಹೋಗುತ್ತವೆ, ಒಂದೂ ಹತ್ತಿರ ಬರುವುದಿಲ್ಲ. ಬಾತುಕೋಳಿ ಅಂಚೆ ಹಂಚುವ ಆಟವೂ ಹೋಯಿತು. ಬೇಗ ಓಡಿದರೆ ಸೋಲುವ ರೇಸು ಅದೊಂದೇ ಇರಬೇಕು.

"ಹೊಳೆಯಾಚೆ" ಇದ್ದಲ್ಲೇ ಇದೆ. ಇನ್ನು ಮೂರು ದಿನ. ಇವತ್ತು ಅದನ್ನು ಎತ್ತಿ ಮೇಲಿನ ಸಾಲಿನಲ್ಲಿ, ಕುಸ್ತಿಯ ಪಕ್ಕ ಇಟ್ಟೆ. ಮಧ್ಯಾಹ್ನ ನೋಡಿದರೆ ಯಾರೋ ಶಿಸ್ತಿನವರು ಮತ್ತೆ ಕೆಳಗಿಟ್ಟಿದ್ದರು.

ಮಾರ್ಚ್ 14, ಸಂಜೆ 5.40

ಹೋಯಿತು! ಒಯ್ದರು! ಬಾಗಿಲು ಹಾಕಲು ಇಪ್ಪತ್ತು ನಿಮಿಷವಿತ್ತು!

ಎದುರುಗಡೆಯ ಟೈಲರಮ್ಮ. ದೊಡ್ಡ ಅಕ್ಷರದ ಪುಸ್ತಕ ಹುಡುಕಲು ಬಂದವರು, ಸೂಜಿ ಕೆಳಗೆ ಬಿತ್ತೆಂದು ಬಗ್ಗಿದರು. ಬಗ್ಗಿದವರು ಹಾಗೇ ಕೂತು ಚೀಟಿ ಓದಿದರು.

"ಇದು ನೀನು ಬರ್ದಿದ್ದಾ?"

"ಹೌದು."

"ಅವಸರದವರಿಗಲ್ಲ ಅಂತಿದೆ. ನನಗೇ ಬರ್ದಂಗಿದೆ. ನಾಲ್ಕು ದಿನದ ಬ್ಲೌಸು ನಲವತ್ತು ದಿನಕ್ಕೆ ಕೊಡ್ತೀನಿ ಅಂತ ಎಲ್ರೂ ಬೈತಾರೆ. ಆಡೋದು ಹೆಂಗೆ ಹೇಳು."

ಮೆಷಿನ್ ಜೋಡಿಸುವುದು, ರಿಮೋಟ್ ಹಿಡಿಯುವುದು, ಎಲ್ಲ ಹೇಳಿಕೊಟ್ಟೆ. ಅಳತೆ ಪುಸ್ತಕದಲ್ಲಿ ಒಂದೊಂದಾಗಿ ಬರೆದುಕೊಂಡರು. ಚೀಟಿಯನ್ನೂ ಅಕ್ಷರ ಬಿಡದೆ ಬರೆದುಕೊಂಡರು. ಅಪ್ಪಿಕೊಳ್ಳಬೇಕೆನಿಸಿತು. ದೊಡ್ಡ ಮೇಡಂ ಪಟ್ಟಿಯಲ್ಲಿ ಏಳನೆಯ ಸಾಲನ್ನು ತಾವೇ ಹೊಡೆದುಹಾಕಿ, "ಗೆದ್ದೆ ಬಿಡು" ಎಂದರು.

ಮಾರ್ಚ್ 21, ಶುಕ್ರವಾರ

ಟೈಲರಮ್ಮ ಡಬ್ಬಿ ವಾಪಸ್ ತಂದರು. ಮುಖವೆಲ್ಲ ನಗು.

"ನೀನು ಹೇಳಿದ್ದು ಖರೆ ಕಣಮ್ಮ. ಆ ದೋಣಿ ಸದ್ದು! ಮೈ ಜುಂ ಅಂತು."

ಮೊದಲು ತಲೆಗೆ ಹೋಗಲಿಲ್ಲ. ಆಮೇಲೆ ಹೊಳೆಯಿತು. ಆ ಸದ್ದು ಬರುವುದು ಮೊದಲ ದೋಣಿಗೆ, ಅಂದರೆ ಹಳೆಯ ಊರು ಅಳಿಸಿ ಹೊಸದಾಗಿ ಶುರು ಮಾಡಿದಾಗ ಮಾತ್ರ.

"ಬಾಣ ಬೇರೆ ಕಡೆ ಇತ್ತು. ನೀನು ಮೊದಲಿನಿಂದಲೇ ಅಂತ ಬರ್ದಿದ್ಯಲ್ಲ, ಕೆಳಗಿಳಿಸಿ ಒತ್ತಿದೆ. ಏನೋ ಕೇಳ್ತು, ಹೌದು ಅಂದೆ. ಹನ್ನೆರಡು ಮನೆ ಕಟ್ಟಿದೀನಿ ನೋಡು, ಎಲ್ಲ ಒಂದೇ ಗೆರೇಲಿ. ಹೊಳೆ ಮಾತ್ರ ಅಂಕುಡೊಂಕು, ಅದನ್ನ ನೆಟ್ಟಗೆ ಮಾಡೋಕೆ ಆಗ್ಲೇ ಇಲ್ಲ."

ಚೆನ್ನಾಗಿದೆ ಎಂದೆ. ಬಾಯಿ ತಾನಾಗಿ ಅಂದಿತು. ಅವರು ಮತ್ತೆ ಒಯ್ಯಲು ಹೆಸರು ಬರೆಸಿದರು. ಅಂಗಡಿಯಲ್ಲಿ ಕಾಜ ಹಾಕುವ ಇಬ್ಬರು ಹೆಂಗಸರ ಹೆಸರನ್ನೂ ಬರೆಸಿದರು.

ಹಿಂದಿನ ರೂಮಿಗೆ ಹೋಗಿ ಹಾಕಿ ನೋಡಿದೆ. ಹನ್ನೆರಡು ಮನೆ. ನೆಟ್ಟಗೆ.

ನಾಳೆ ಅಣ್ಣ ಬರುತ್ತಾನೆ.

ಮಾರ್ಚ್ 24, ಸೋಮವಾರ

ಎರಡು ದಿನದಿಂದ ಸುಳ್ಳು ಹೇಳುತ್ತಿದ್ದೇನೆ. ಮೆಷಿನ್ ರಿಪೇರಿಗೆ ಹೋಗಿದೆ ಎಂದೆ. "ಕೊಡು ಇಲ್ಲಿ, ನಾನೇ ಬೆಸುಗೆ ಹಾಕ್ತೀನಿ" ಎನ್ನುತ್ತಾನೆ. ಹಡಗು ಬೆಸೆಯುವವನಿಗೆ ಏನು ಸುಳ್ಳು ಹೇಳುವುದು.

ಟೈಲರಮ್ಮನ ಮೇಲೆ ಸಿಟ್ಟು ಬರುತ್ತದೆ. ಅವರದೇನು ತಪ್ಪು? ಇಷ್ಟು ವರ್ಷ ಒಯ್ದವರಲ್ಲೆಲ್ಲ ಆ ಆಟವನ್ನು ನಿಜವಾಗಿ ಆಡಿದವರು ಅವರೊಬ್ಬರೇ. ಆಡುವವರು ಬೇಕು, ಆಡುವವರು ಬೇಕು ಎಂದು ಇಷ್ಟು ವರ್ಷ ಗೋಗರೆದೆ. ನನಗೆ ಬೇಕಿದ್ದದ್ದು ಕಾವಲುಗಾರರು.

ಬರೆದ ಚೀಟಿಗಳಲ್ಲೆಲ್ಲ ಒಳ್ಳೆಯದು ಅದು. ಅದೇ ಅಮ್ಮನ ಮನೆ ಕೆಡವಿತು.

ಮಾರ್ಚ್ 25, ಮಂಗಳವಾರ, ಮಧ್ಯಾಹ್ನ

ಹೇಳಿಬಿಟ್ಟೆ. ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ಹೇಳಿದೆ. ಊರು ಅಳಿಸಿಹೋಯಿತು, ನನ್ನಿಂದಲೇ, ಅಮ್ಮನ ಮನೆಯೂ ಹೋಯಿತು ಎಂದೆ. ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

ಆಮೇಲೆ—ಮೊಟ್ಟಮೊದಲ ಸಲ ಮೆಲ್ಲಗಿನ ದನಿಯಲ್ಲಿ—"ಮೊದಲೂ ಒಂದ್ಸಲ ಹೋಗಿತ್ತು ಕಣೇ" ಎಂದ.

"ಏನು?"

"ನೀನು ರಜಕ್ಕೆ ಅತ್ತೆ ಮನೆಗೆ ಹೋಗಿದ್ದಾಗ. ನನ್ನ ಫ್ರೆಂಡಿಗೆ ಆ ದೋಣಿ ತೋರ್ಸೋಕೆ ಹೋಗಿ ಹೊಸದು ಒತ್ಬಿಟ್ಟೆ. ಎಲ್ಲ ಹೋಯ್ತು. ನೀನು ಬಂದ್ರೆ ಸಾಯಿಸ್ತೀಯ ಅಂತ ಅಳ್ತಾ ಕೂತಿದ್ದೆ. ಅಮ್ಮ ಬಂದ್ಲು."

ಮತ್ತೆ ಕಟ್ಟಲು ಐದು ದಿನ ಹಿಡಿಯಿತಂತೆ. ಪಾತ್ರೆ ತೊಳೆದು ಬಂದು ಅಮ್ಮ ಅವನ ಪಕ್ಕ ಕೂರುತ್ತಿದ್ದಳಂತೆ. ಶಾಲೆಯ ಗಂಟೆ ಎಡಗಡೆಗಿತ್ತು ಕಣೋ. ಆ ಮುದುಕನ ಅಂಗಡಿ ಹೊಳೆ ಹತ್ರ ಅಲ್ಲ, ಮರದ ಹತ್ರ. ನಿನ್ನ ತಂಗಿ ಎರಡು ಬಾತುಕೋಳಿ ಬಿಟ್ಟಿದ್ಲು, ಒಂದು ಹಾಕಿದ್ರೆ ಕಂಡುಹಿಡೀತಾಳೆ. ಹೀಗೆ ಹೇಳಿ ಹೇಳಿ ಕಟ್ಟಿಸಿದಳಂತೆ. ಒಂದು ನಿಮಿಷ ನೋಡಿ ಒಳಗೆ ಹೋಗುತ್ತಿದ್ದ ಅಮ್ಮನಿಗೆ ಇಡೀ ಊರು ಬಾಯಿಪಾಠವಾಗಿತ್ತು. ಅಡುಗೆಮನೆಯ ಬಾಗಿಲಿನಿಂದ ಅದೆಷ್ಟು ದಿನ ನೋಡಿದ್ದಳೋ, ನಾವು ತಿರುಗಿ ನೋಡಿದ್ದೇ ಇಲ್ಲ.

"ಅಮ್ಮನ ಮನೆ?" ಎಂದೆ.

"ಅದನ್ನ ನನ್ನ ಕೈಲಿ ಕಟ್ಟಿಸ್ಲಿಲ್ಲ. ರಿಮೋಟ್ ಕಿತ್ಕೊಂಡು ಅವಳೇ ಕಟ್ಟಿದ್ಲು. ಒಂದಿನ ಪೂರ್ತಿ ಹಿಡೀತು. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ಲು."

ಸೌಟು ಕೆಳಗಿಟ್ಟು ಅತ್ತುಬಿಟ್ಟೆ. ನಾವು ಕಟ್ಟಿದ್ದು ಹೋಯಿತೆಂದು ಇಷ್ಟು ದಿನ ಸಂಕಟಪಟ್ಟರೆ, ಹೋದದ್ದು ಅವಳೇ ಕಟ್ಟಿದ್ದು. ಇನ್ನೂ ಹೆಚ್ಚು ಕಳೆದುಕೊಂಡೆ. ಆದರೂ ಅಳುತ್ತ ಅಳುತ್ತ ನಗು ಬಂತು. ನಮ್ಮಮ್ಮ ಒಂದು ದಿನ ಪೂರ್ತಿ ಕೂತು ಆಡಿದ್ದಾಳೆ. ಮನೆಯಲ್ಲೇ ಇದ್ದಳಲ್ಲ ಆ ಆಟಕ್ಕೊಬ್ಬ ಆಟಗಾರ್ತಿ. ನಾನು ಒಂದು ದಿನವೂ "ನೀನೂ ಆಡಮ್ಮ" ಎಂದವಳಲ್ಲ.

"ನಿಂಗೆ ಬೇಜಾರಿಲ್ವಾ?" ಎಂದೆ.

"ಇದೆ ಕಣೇ. ದೋಣಿ ನಿಲ್ಲಿಸ್ಬೇಕಿತ್ತು" ಎಂದ. ಕಣ್ಣು ಒರೆಸಿಕೊಂಡ. ಅನ್ನ ಆರಿಹೋಗಿತ್ತು. ಹಾಗೇ ತಿಂದೆವು.

ಮಾರ್ಚ್ 27, ಗುರುವಾರ, ಸಂಜೆ

ಅಣ್ಣ ಮೆಂಬರ್ ಆದ. ಟೈಲರಮ್ಮ ತಮ್ಮ ಸರದಿ ಒಂದು ವಾರ ಬಿಟ್ಟುಕೊಟ್ಟರು. "ನನ್ನ ಮನೆ ಒಂದೂ ಕೆಡವಂಗಿಲ್ಲ" ಎಂದು ಅವನಿಗೆ ಕಟ್ಟಪ್ಪಣೆ. "ಇಲ್ಲಮ್ಮ" ಎಂದ ಅವನು, ಇಡೀ ಲೈಬ್ರರಿ ತಿರುಗಿ ನೋಡುವ ಹಾಗೆ.

ಹಳೆಯ ಚೀಟಿ ಕಿತ್ತು ಹೊಸದು ಬರೆಯಬೇಕು, ಡಬ್ಬಿ ವಾಪಸ್ ಹೋಗುವಷ್ಟರಲ್ಲಿ. ಅದಕ್ಕೇ ಬರೆಯಲು ಕೂತೆ. "ಒಂದು ಹೊಳೆ, ಹನ್ನೆರಡು ಮನೆ"... ಇಲ್ಲ, ಸರಿಯಾಗುತ್ತಿಲ್ಲ. ಅಣ್ಣ ಪಕ್ಕದ ರೂಮಿನಲ್ಲಿ ಆಡುತ್ತಿದ್ದಾನೆ, ಅರ್ಧ ಗಂಟೆಯಿಂದ ನಾಲ್ಕೂ ಕಡೆ ಕಿಟಕಿಯ ಹದಿಮೂರನೆಯ ಮನೆಗೆ ಜಾಗ ಹುಡುಕುತ್ತಿದ್ದಾನೆ, ಟೈಲರಮ್ಮನ ಗೆರೆ ಕೆಡಬಾರದಂತೆ.

ಕೂಗುತ್ತಿದ್ದಾನೆ. ಮನೆ ಎದ್ದಿತಂತೆ, ಅದಕ್ಕೆ ದೋಣಿಯಿಂದ ಯಾರೋ ಹೆಂಗಸು ಇಳಿದಳಂತೆ, ಆಟ ಅವಳ ಹೆಸರು ಕೇಳುತ್ತಿದೆಯಂತೆ, ಏನಂತ ಹಾಕಲಿ ಎನ್ನುತ್ತಾನೆ. ಇರು ಮಾರಾಯ, ಒತ್ತಬೇಡ, ಬಂದೆ, ಆ ಹೆಸರು ನಾನೇ—